ಯಾರೂ ಬರೆಯದ ಸಪ್ಲಿಮೆಂಟ್: ಗೆಳೆಯನಿಗೊಂದು ಪತ್ರ

ಗೆಳೆಯಾ,

"ಯಾರೂ ಇನ್ನೂ ಬರೆಯದ ಒಂದು ಸಪ್ಲಿಮೆಂಟ್ ನಾಳೆ ನಿನ್ನ ಕೈಗೆ ಸಿಗುತ್ತದೆ ಅಂದರೆ, ಯಾವುದು ಬೇಕು?" ಅಂತ ನೀನು ಕೇಳಿದ್ದೆ. ಒಂದು ಸಾಲಲ್ಲಿ ಉತ್ತರ ಕೊಡಬಹುದು ಅಂದುಕೊಂಡು ಕೂತೆ. ಪುಟಗಳು ತುಂಬಿದವು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. (ಹೊಸಬರಿಗೆ: ನಮ್ಮದು ರೋಲ್‌ಪ್ಲೇಯಿಂಗ್ ಆಟ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಆಡುವುದು. ಸಪ್ಲಿಮೆಂಟ್ ಅಂದರೆ ಅದರ ಮೂಲ ನಿಯಮಗಳಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಪುಸ್ತಕ.) ದಾಳ, ಪೆನ್ಸಿಲ್, ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟ್ ಹರಡಿಕೊಂಡು ಮೇಜಿನ ಸುತ್ತ ಕೂತ ಯಾರಿಗಾದರೂ ಇಂಥದೊಂದು ಆಸೆ ಇದ್ದೇ ಇರುತ್ತದೆ. ಕೆಲವು ಮಾತು ನಿನಗೆ ಮಾತ್ರ ತಿಳಿಯುತ್ತವೆ. ಏಣಿಯ ವಿಷಯ ನಾನು ಯಾರಿಗೂ ಬಿಡಿಸಿ ಹೇಳುವುದಿಲ್ಲ.

ಈ ಆಸೆ ನಮ್ಮ ಆಟದಷ್ಟೇ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಬರೆದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗ ಪೆಟ್ಟಿಗೆಯೊಳಗೆ ಇದ್ದದ್ದು ಮೂರು ಸಣ್ಣ ಪುಸ್ತಕ. ಆಡಲು ಮೂರೇ ವರ್ಗ: ಹೋರಾಟಗಾರ, ಮಾಂತ್ರಿಕ, ಪೂಜಾರಿ. ಕಳ್ಳ ಇರಲಿಲ್ಲ! ಬೀಗ ತೆಗೆಯುವ, ಗೋಡೆ ಹತ್ತುವ ನಿನ್ನ ಆಸಾಮಿ ಆ ಪೆಟ್ಟಿಗೆಯಲ್ಲಿ ಎಲ್ಲೂ ಇಲ್ಲ. ಮರುವರ್ಷ ಗ್ರೇಹಾಕ್ ಅನ್ನುವ ಮೊದಲ ಸಪ್ಲಿಮೆಂಟ್ ಬಂತು, ಅದರಲ್ಲಿ ಕಳ್ಳನೂ ಬಂದ. ಅದರ ಬೆನ್ನಿಗೇ ಬ್ಲ್ಯಾಕ್‌ಮೂರ್ ಬಂತು. ಗ್ರೇಹಾಕ್ ಗೈಗ್ಯಾಕ್ಸ್ ನಡೆಸುತ್ತಿದ್ದ ಕ್ಯಾಂಪೇನ್‌ನ, ಅಂದರೆ ಹಲವು ದಿನ ಕೂತು ಮುಂದುವರಿಸುವ ಕಥೆಯ ಹೆಸರು, ಬ್ಲ್ಯಾಕ್‌ಮೂರ್ ಆರ್ನೆಸನ್‌ನದ್ದು. ತಮ್ಮ ಮೇಜಿನ ಮೇಲೆ ಬೇಕಾಗಿದ್ದನ್ನು ಅವರೇ ಬರೆದುಕೊಂಡರು. ಆಮೇಲೆ ಅದು ಎಲ್ಲರ ಮೇಜಿಗೂ ಬೇಕಾಯಿತು.

ನನ್ನ ಪ್ರಕಾರ ಒಳ್ಳೆಯ ಸಪ್ಲಿಮೆಂಟ್‌ನ ಗುರುತು ಇಷ್ಟೇ. ಬಂದ ಮೇಲೆ, ಇದಿಲ್ಲದೆ ಹೇಗೆ ಆಡುತ್ತಿದ್ದೆವು ಅನ್ನಿಸಬೇಕು. ಹೊಸ ರಾಕ್ಷಸರು, ಹೊಸ ಮಂತ್ರ, ಹೊಸ ಕತ್ತಿ ಇರುವ ಪುಸ್ತಕ ಓದಲು ಖುಷಿ. ಆದರೆ ಅವು ಇಲ್ಲದಿದ್ದರೂ ನಮ್ಮ ಆಟ ನಡೆಯುತ್ತಿತ್ತು ಅಲ್ವಾ?

ಮೊದಲು ಸಣ್ಣ ಆಸೆಗಳು. ತಪ್ಪು ನಕ್ಷೆಗಳ ಒಂದು ಪುಸ್ತಕ ಬೇಕು. ಆಟದಲ್ಲಿ ಕೈಗೆ ಸಿಗುವ ನಕ್ಷೆಗಳೆಲ್ಲ ಯಾಕೆ ಅಷ್ಟು ಸರಿಯಾಗಿರುತ್ತವೆ? ಬರೆದವನು ಆ ಕಾಡಿಗೆ ಹೋಗಿರಲೇ ಇಲ್ಲ, ಯಾರೋ ಹೇಳಿದ್ದನ್ನು ಕೇಳಿ ಬರೆದ. ಅಥವಾ ಹೋಗಿದ್ದ, ಆದರೆ ತನ್ನ ಅಣ್ಣ ಸತ್ತ ಜಾಗವನ್ನು ಬೇಕೆಂದೇ ಬಿಟ್ಟ. ಒಂದೊಂದು ನಕ್ಷೆಗೂ ಬರೆದವನ ಕಥೆ, ಅವನ ಸುಳ್ಳು, ಆ ಸುಳ್ಳು ಹಿಡಿಯುವ ದಾರಿ. ಇಷ್ಟಿದ್ದರೆ ಒಂದು ಇಡೀ ಕ್ಯಾಂಪೇನ್ ಸಿಕ್ಕ ಹಾಗೆ.

ಇನ್ನೊಂದು, ಕಾವಲಿನ ರಾತ್ರಿಗೆ. ತಂಡ ಕಾಡಲ್ಲಿ ಮಲಗುತ್ತದೆ, ಇಬ್ಬರು ಎದ್ದಿರುತ್ತಾರೆ. ಆಗ ಏನಾಗುತ್ತದೆ? ಜಿಎಂ (ಗೇಮ್ ಮಾಸ್ಟರ್, ಕಥೆ ನಡೆಸುತ್ತಾ ಉಳಿದ ಪಾತ್ರಗಳನ್ನೆಲ್ಲ ಆಡುವವರು) ಪರದೆಯ ಹಿಂದೆ ದಾಳ ಉರುಳಿಸಿ, ಪಟ್ಟಿ ನೋಡುತ್ತಾರೆ. ಏನಾದರೂ ಬಂದರೆ ಹೊಡೆದಾಟ, ಬರದಿದ್ದರೆ ಬೆಳಗಾಯಿತು. ಆ ಪಟ್ಟಿಯಲ್ಲಿ ತೋಳದ ಬದಲು ಪ್ರಶ್ನೆಗಳಿರಬೇಕು. "ನಿನ್ನ ಪಕ್ಕ ಎಚ್ಚರ ಇರುವವನು ಇವತ್ತು ಯಾವ ಮಾತು ನುಂಗಿಕೊಂಡ?" "ಮಲಗಿದವರಲ್ಲಿ ಯಾರನ್ನು ಬಿಟ್ಟು ಓಡಬಲ್ಲೆ?" ದಾಳ ಹಾಕು, ಪ್ರಶ್ನೆ ಎತ್ತು, ಉತ್ತರ ಕೊಡು. ಉತ್ತರ ಸುಳ್ಳಾದರೂ ಪರವಾಗಿಲ್ಲ, ಪಕ್ಕದವನು ಕೇಳಿಸಿಕೊಂಡಿರಬೇಕು, ಅಷ್ಟೇ.

ಇದಕ್ಕಿಂತ ದೊಡ್ಡ ಆಸೆ, ನಾವು ಬಿಟ್ಟು ಬಂದ ಊರುಗಳ ಪುಸ್ತಕ. ನಾವು ಒಂದು ಹಳ್ಳಿಗೆ ಹೋಗುತ್ತೇವೆ, ಗುಹೆಯ ರಾಕ್ಷಸನನ್ನು ಕೊಲ್ಲುತ್ತೇವೆ, ಚಿನ್ನ ಹೊತ್ತು ಬಂದು ಅಲ್ಲೇ ಖರ್ಚು ಮಾಡುತ್ತೇವೆ, ಹೊರಡುತ್ತೇವೆ. ಆಮೇಲೆ? ಖಾಲಿಯಾದ ಗುಹೆಗೆ ಯಾರು ಬಂದರು? ಅಷ್ಟು ಚಿನ್ನ ಒಂದೇ ಸಲ ಸುರಿದ ಸಂತೆಯಲ್ಲಿ ಧಾನ್ಯದ ಬೆಲೆ ಏನಾಯಿತು? ನಮ್ಮ ಜೊತೆ ದೀಪ ಹಿಡಿದು ಬಂದು ಸತ್ತ ಹುಡುಗನ ಮನೆಯವರು ನಮ್ಮ ಹೆಸರು ಹೇಗೆ ಹೇಳುತ್ತಾರೆ? ಇದಕ್ಕೆಲ್ಲ ಪಟ್ಟಿ ಇರಬೇಕು. ಒಂದು ವರ್ಷ ಕಳೆದು ಹಿಂತಿರುಗಿದರೆ ಈ ದಾಳ, ಹತ್ತು ವರ್ಷ ಕಳೆದಿದ್ದರೆ ಆ ದಾಳ.

ಇದರ ಹತ್ತಿರ ಬಂದದ್ದು ಗ್ರೆಗ್ ಸ್ಟಾಫರ್ಡ್ ಬರೆದ ಪೆಂಡ್ರಾಗನ್. 1985ರ ಆಟ, ಆರ್ಥರ್ ದೊರೆಯ ಕಾಲದ್ದು. ಅದರಲ್ಲಿ ಪ್ರತಿ ವರ್ಷದ ಕೊನೆಗೆ ಚಳಿಗಾಲದ ಸರದಿ ಬರುತ್ತದೆ. ಯುದ್ಧ ನಿಲ್ಲುತ್ತದೆ. ಜಮೀನಿನ ಫಸಲು, ಕುದುರೆಯ ಆರೋಗ್ಯ, ಮದುವೆ, ಮಕ್ಕಳು, ಎಲ್ಲಕ್ಕೂ ದಾಳ. ನಿನ್ನ ಯೋಧನಿಗೆ 35 ದಾಟಿದರೆ ವಯಸ್ಸಿಗೂ ದಾಳ, ಶಕ್ತಿ ಒಂದೊಂದಾಗಿ ಇಳಿಯುತ್ತದೆ. ಅವನು ಸತ್ತರೆ ಮಗನನ್ನು ಆಡು. 2006ರಲ್ಲಿ ಬಂದ ಗ್ರೇಟ್ ಪೆಂಡ್ರಾಗನ್ ಕ್ಯಾಂಪೇನ್ ಸುಮಾರು 80 ವರ್ಷಗಳ ಕಥೆ. ತಲೆಮಾರುಗಳ ಆಟ. ಅದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚೇ ಆಯಿತು. ಯೋಧರ ಮನೆಗೆ ಸಿಕ್ಕ ಚಳಿಗಾಲ ನಮ್ಮ ಹಳ್ಳಿಗಳಿಗೂ ಸಿಗಬೇಕು.

ಈಗ ನನ್ನ ನಿಜವಾದ ಉತ್ತರ. ನನಗೆ ಬೇಕಾದದ್ದು ಅರ್ಧಕ್ಕೆ ನಿಂತ ಕ್ಯಾಂಪೇನ್ ಮುಗಿಸುವ ಪುಸ್ತಕ.

ಆಟ ಶುರು ಮಾಡಲು ಎಷ್ಟು ಸಲಹೆ ಇದೆ ನೋಡು. ಮೊದಲ ಸೆಷನ್ ಹೇಗೆ, ಪಾತ್ರಗಳನ್ನು ಒಟ್ಟುಗೂಡಿಸುವುದು ಹೇಗೆ, ಎಲ್ಲ ಬರೆದಿಟ್ಟಿದ್ದಾರೆ. ನಿಲ್ಲುವುದರ ಬಗ್ಗೆ ಹೇಳುವವರು ಕಡಿಮೆ. ಆದರೆ ಹೆಚ್ಚಿನ ಕ್ಯಾಂಪೇನ್‌ಗಳು ಮುಗಿಯುವುದಿಲ್ಲ, ಸುಮ್ನೆ ನಿಂತುಹೋಗುತ್ತವೆ. ಯಾರೂ ನಿಲ್ಲಿಸಿದೆವು ಅಂತ ಹೇಳುವುದಿಲ್ಲ. ಒಬ್ಬರಿಗೆ ಕೆಲಸ, ಮುಂದಿನ ವಾರ ಅಂತಾರೆ. ಮುಂದಿನ ವಾರ ಇನ್ನೊಬ್ಬರಿಗೆ ಜ್ವರ. ಒಂದು ದಿನ ಯಾರೂ ತಾರೀಖು ಕೇಳುವುದಿಲ್ಲ. ಪಾತ್ರಗಳು ಮಾತ್ರ ಕಲ್ಲಿನ ಬಾಗಿಲ ಮುಂದೆ ಹಾಗೇ ನಿಂತಿರುತ್ತವೆ.

ಕೊನೆಯನ್ನು ಚೆನ್ನಾಗಿ ಬಲ್ಲ ಆಟಗಳು ಇವೆ. 2015ರ ಟೆನ್ ಕ್ಯಾಂಡಲ್ಸ್‌ನಲ್ಲಿ ಹತ್ತು ಮೇಣದಬತ್ತಿ ಹಚ್ಚಿ ಕೂರುತ್ತಾರೆ. ಕೊನೆಗೆ ಎಲ್ಲ ಪಾತ್ರಗಳೂ ಸಾಯುತ್ತವೆ ಅಂತ ಮೊದಲೇ ಗೊತ್ತು. ಏವರಿ ಆಲ್ಡರ್ ಬರೆದ ದಿ ಕ್ವಯಟ್ ಇಯರ್‌ನಲ್ಲಿ ಇಸ್ಪೀಟಿನ ಒಂದೊಂದು ಎಲೆಗೂ ಒಂದೊಂದು ವಾರ. ಚಳಿಗಾಲದ ಎಲೆಗಳಲ್ಲಿರುವ ಸ್ಪೇಡ್ ರಾಜ ಬಂದ ಕೂಡಲೇ ಆಟ ಮುಗಿಯಿತು. ಚಳಿಗಾಲದ ಯಾವ ವಾರ ಅವನು ಬರುತ್ತಾನೆ ಅನ್ನುವುದಷ್ಟೇ ಗೊತ್ತಿರುವುದಿಲ್ಲ. ಎರಡೂ ನನಗೆ ತುಂಬ ಇಷ್ಟ. ಆದರೆ ಅವು ಮುಗಿಯಲೆಂದೇ ಹುಟ್ಟಿದ ಆಟಗಳು. ತಾನು ಮುಗಿಯುತ್ತೇನೆ ಅಂತ ಗೊತ್ತಿಲ್ಲದೆ ನಿಂತದ್ದಕ್ಕೆ ಏನು ಮಾಡುವುದು?

ನನ್ನ ಪುಸ್ತಕದ ಮೊದಲ ಅಧ್ಯಾಯ ಪಾತ್ರದ ಉಯಿಲು. ಕ್ಯಾಂಪೇನ್ ಚೆನ್ನಾಗಿ ನಡೆಯುತ್ತಿರುವಾಗಲೇ, ಪ್ರತಿಯೊಬ್ಬರೂ ಶೀಟ್‌ನ ಹಿಂದೆ ಮೂರು ಸಾಲು ಬರೆದಿಡಬೇಕು. ನಾನು ಬರದೇ ಹೋದರೆ ಈ ಪಾತ್ರ ಎಲ್ಲಿಗೆ ಹೋಗುತ್ತದೆ. ಏನನ್ನು ಎಂದೂ ಬಿಟ್ಟುಕೊಡುವುದಿಲ್ಲ. ತನ್ನದೊಂದು ವಸ್ತುವನ್ನು ಯಾರಿಗೆ ಕೊಡುತ್ತದೆ. ಆಟ ನಿಂತರೆ ಉಳಿದವರು ಅದನ್ನು ಓದಬಹುದು. ಯಾರೂ ಇನ್ನೊಬ್ಬರ ಪಾತ್ರವನ್ನು ಅಂದಾಜಿನಲ್ಲಿ ನಡೆಸಬೇಕಾಗುವುದಿಲ್ಲ.

ಎರಡನೆಯದು ಕೊನೆಯ ಸಂಜೆ. ಬಂದವರು ಬರಲಿ, ಇಬ್ಬರೇ ಆದರೂ ಸರಿ. ಬ್ಲೇಡ್ಸ್ ಇನ್ ದಿ ಡಾರ್ಕ್ ಆಡುವಾಗ ವೃತ್ತ ಬರೆದು ಭಾಗ ಮಾಡಿ, ಅಪಾಯ ಹತ್ತಿರ ಬಂದ ಹಾಗೆ ತುಂಬಿಸುತ್ತೇವಲ್ಲ, ಆ ಗಡಿಯಾರಗಳೇ ಇಲ್ಲಿಗೂ ಸಾಕು. ಉಳಿದ ಪ್ರತಿ ಎಳೆಗೂ ಒಂದು ಗಡಿಯಾರ. ಯಾವುದನ್ನು ಇವತ್ತು ತುಂಬಿ ಮುಗಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಅಂತ ಆಟಗಾರರೇ ಆರಿಸಬೇಕು. ಬಿಟ್ಟದ್ದನ್ನೂ ಬಾಯಿಬಿಟ್ಟು ಹೇಳಬೇಕು: "ಇದನ್ನು ಬಿಡುತ್ತಿದ್ದೇವೆ." ಆ ಮಾತು ನಿಯಮದಲ್ಲೇ ಇರಬೇಕು. ಇಲ್ಲದಿದ್ದರೆ ಯಾರೂ ಹೇಳುವುದಿಲ್ಲ.

ಇಷ್ಟು ಬರೆದ ಮೇಲೆ, ಸರಿ ಪರೀಕ್ಷೆ ಮಾಡೋಣ ಅಂತ ನಿನ್ನ ಕಳ್ಳನ ಉಯಿಲು ಬರೆಯಲು ಕೂತೆ. ಒಂದು ಸಾಲೂ ಬರಲಿಲ್ಲ. ಅವನ ಭಯ ಗೊತ್ತು, ಅವನ ಸಾಲ ಗೊತ್ತು, ಜೌಗಿನ ಅಜ್ಜಿಗೆ ಅವನು ಹೇಳಿದ ಮೂರೂ ಸುಳ್ಳು ಗೊತ್ತು. ಎಲ್ಲಿಗೆ ಹೋಗುತ್ತಾನೆ ಅಂತ ಬರೆಯಲು ಕೈ ಬರಲಿಲ್ಲ ಕಣೋ. ಬರೆದರೆ ಅವನು ಹೋದ ಹಾಗೆ.

ಹೊಸ ಟೇಬಲ್ ಶುರು ಮಾಡು ಅಂತ ಕೆಲವರು ಕೇಳಿದ್ದಾರೆ. ಸಮಯ ಇಲ್ಲ ಅಂದಿದ್ದೇನೆ. ಸಮಯ ಇದೆ. ಹೊಸದು ಶುರುವಾದರೆ ನಮ್ಮದು ಮುಗಿದ ಹಾಗೆ ಅನ್ನುವ ಅಂಜಿಕೆ. ನಮ್ಮದು ಯಾಕೆ ನಿಂತಿತು ಅಂತ ನಾನು ನಿನ್ನನ್ನು ಕೇಳಿಲ್ಲ. ಕೆಲಸ ಜಾಸ್ತಿಯಾಯಿತಾ, ಬೇಸರ ಬಂತಾ, ಗೊತ್ತಿಲ್ಲ. ಎರಡನೆಯದೇ ಆಗಿದ್ದರೆ ಕೇಳಿಸಿಕೊಳ್ಳಲು ಧೈರ್ಯ ಬೇಕಿತ್ತು.

ಇನ್ನೊಂದು ವಿಷಯ. ಆ ವರ್ಷ ನೀನು ತುಂಬ ಸುಮ್ಮನಾಗಿದ್ದೆ. ಏನಾಯಿತೋ ಅಂತ ನೇರವಾಗಿ ಕೇಳಲು ನನಗೆ ಬಾಯಿ ಬರಲಿಲ್ಲ. ಆದರೆ ಛತ್ರದ ಮುದುಕನಾಗಿ ನಿನ್ನ ಕಳ್ಳನನ್ನು ಕೇಳಿದೆ: "ಏನಪ್ಪಾ, ನಿದ್ದೆ ಬರ್ತಾ ಇಲ್ವಾ?" ಕಳ್ಳ ತುಂಬ ಹೊತ್ತು ಮಾತಾಡಿದ. ಉಳಿದವರು ದಾಳ ಕೆಳಗಿಟ್ಟು ಕೇಳುತ್ತಿದ್ದರು. ಅದು ಅವನ ಮಾತಾ, ನಿನ್ನ ಮಾತಾ, ನನಗೆ ಇವತ್ತಿಗೂ ಗೊತ್ತಿಲ್ಲ. ಕಾವಲಿನ ರಾತ್ರಿಗೆ ಪ್ರಶ್ನೆಗಳ ಪಟ್ಟಿ ಬೇಕು ಅಂದೆನಲ್ಲ, ಅದು ಎಲ್ಲಿಂದ ಬಂತು ಅಂತ ಬರೆಯುತ್ತಾ ಬರೆಯುತ್ತಾ ತಿಳಿಯಿತು. ನನಗೆ ಆ ಕಥೆಯ ಕೊನೆ ತಿಳಿಯುವ ಆಸೆ ಇದೆ, ಖಂಡಿತ ಇದೆ. ಅದಕ್ಕಿಂತ ಜಾಸ್ತಿ, ವಾರಕ್ಕೊಂದು ಸಂಜೆ ನೀನು ಎದುರಿಗೆ ಇರುತ್ತೀಯ ಅನ್ನುವ ಖಾತ್ರಿ ಬೇಕಿತ್ತು. ದೊಡ್ಡವರಾದ ಮೇಲೆ ಗೆಳೆಯರು ಸೇರಲು ಏನಾದರೂ ನೆವ ಬೇಕಾಗುತ್ತದೆ. ನಮಗೆ ಆಟ ಇತ್ತು.

ಸಾಕು, ಸಾಕು. ಬೇರೆಯವರೂ ಓದುತ್ತಿದ್ದಾರೆ. ಅವರಿಗೂ ಒಂದು ಮಾತು: ನಿಮ್ಮ ಆಸೆಯ ಸಪ್ಲಿಮೆಂಟ್ ಬರೆಯಿರಿ. 1981ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಬಂದ ರಾಕ್ಷಸರ ಪುಸ್ತಕ ಫೀಂಡ್ ಫೋಲಿಯೋದಲ್ಲಿರುವ ಎಷ್ಟೋ ರಾಕ್ಷಸರು ವೈಟ್ ಡ್ವಾರ್ಫ್ ಪತ್ರಿಕೆಗೆ ಓದುಗರು ಕಳಿಸಿದವು. ಆ ಪುಸ್ತಕದ ಮುಖಪುಟದಲ್ಲಿರುವ ಗಿತ್ಯಾಂಕಿ ಅನ್ನುವ ರಾಕ್ಷಸ ಜಾತಿಯನ್ನು ರೂಪಿಸಿದ ಚಾರ್ಲ್ಸ್ ಸ್ಟ್ರಾಸ್ ಆಗಿನ್ನೂ ಹದಿಹರೆಯದ ಹುಡುಗ, ಆಮೇಲೆ ಕಾದಂಬರಿಕಾರರಾದರು. ಅವತ್ತು ಒಬ್ಬ ಓದುಗ ಕಳಿಸಿದ್ದನ್ನು ಜನ ಇವತ್ತಿಗೂ ಆಡುತ್ತಿದ್ದಾರೆ.

ನಿನಗೆ ಕೆಲಸ ಇಷ್ಟೇ. ಕಳ್ಳನ ಉಯಿಲು ಮೂರು ಸಾಲು ಬರೆದು ಕಳಿಸು. ದಾಳ ಬೇಕಾದರೆ ನೀನೇ ಹಾಕು, ಬಂದ ಸಂಖ್ಯೆ ಹೇಳು, ನಂಬುತ್ತೇನೆ. ಬರೆಯಲು ಮನಸ್ಸಿಲ್ಲದಿದ್ದರೆ ಇನ್ನೂ ಒಳ್ಳೆಯದು, ಒಂದು ಸಂಜೆ ಹೇಳು. ಉಳಿದವರನ್ನು ಒಟ್ಟು ಮಾಡುವ ಹೊಣೆ ನನ್ನದು. ಕತ್ತೆಗೆ ಮಾತ್ರ ಉಯಿಲು ಬೇಡ. ಅದು ಸಾಯುವುದಿಲ್ಲ ಅಂತ ಮೇಜಿನ ಮೇಲೆ ಕೈಯೆತ್ತಿ ತೀರ್ಮಾನ ಮಾಡಿದ್ದೇವೆ.

ಇಂತಿ ನಿನ್ನ,
ಜಿಎಂ