ಭಾನುವಾರದ ಮಾತಿಗೆ: ‘ಸೌಂಡ್ ಒಪಿನಿಯನ್ಸ್’

ಗೆಳೆಯರೇ,

ಈ ವಾರದಿಂದ ಶಿಕಾಗೋದ ‘ಸೌಂಡ್ ಒಪಿನಿಯನ್ಸ್’ ಎಂಬ ಸಂಗೀತ ವಿಮರ್ಶೆಯ ರೇಡಿಯೋ ಕಾರ್ಯಕ್ರಮವನ್ನು ಎಲ್ಲರೂ ಕೇಳಿಕೊಂಡು ಬನ್ನಿ. ಭಾನುವಾರ ರಾತ್ರಿ 8ಕ್ಕೆ ಇಲ್ಲೇ ಮಾತಾಡೋಣ.

ಹೊಸಬರಿಗೆ ಒಂದಿಷ್ಟು ವಿವರ. ಇದನ್ನು ನಡೆಸುವವರು ಜಿಮ್ ಡೆರೊಗಾಟಿಸ್ ಮತ್ತು ಗ್ರೆಗ್ ಕಾಟ್. ಒಬ್ಬರು ಸನ್-ಟೈಮ್ಸ್‌ನಲ್ಲಿ, ಇನ್ನೊಬ್ಬರು ಟ್ರಿಬ್ಯೂನ್‌ನಲ್ಲಿ ಸಂಗೀತ ವಿಮರ್ಶೆ ಬರೆದವರು. ಒಂದೇ ಊರಿನ ಪೈಪೋಟಿಯ ಪತ್ರಿಕೆಗಳು! 2005ರಲ್ಲಿ ಸಾರ್ವಜನಿಕ ರೇಡಿಯೋಗೆ ಬಂದರು. ಈಗ ಪಾಡ್‌ಕಾಸ್ಟ್ ಆಗಿಯೂ ಸಿಗುತ್ತದೆ.

ಹೊಸ ಆಲ್ಬಮ್‌ಗೆ ಇವರದು ಮೂರೇ ತೀರ್ಪು: ಕೊಳ್ಳಿ, ಒಮ್ಮೆ ಕೇಳಿ ನೋಡಿ, ಕಸಕ್ಕೆ ಹಾಕಿ. ಮೊದಲು ನಡುವಿನದು ‘ಬರ್ನ್ ಇಟ್’ ಆಗಿತ್ತು, ಅಂದರೆ ಸಿ.ಡಿ.ಗೆ ಹಾಕಿಕೊಳ್ಳಿ ಅಂತ. ಕಾಲ ಬದಲಾಯಿತು, ಮಾತೂ ಬದಲಾಯಿತು. ನನಗೆ ತೀರ್ಪಿಗಿಂತ ಅದಕ್ಕೆ ಮುಂಚಿನ ಜಗಳವೇ ಜಾಸ್ತಿ ಇಷ್ಟ. ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರು ಒಪ್ಪದೇ ಇರಬಹುದು, ಆದರೆ ಕಾರಣ ಹೇಳುತ್ತಾರೆ. ನಡುವೆ ಹಾಡಿನ ತುಣುಕು ಹಾಕುತ್ತಾರೆ. ಆಗ ಯಾರು ಸರಿ ಅಂತ ನಮ್ಮ ಕಿವಿಯೇ ಹೇಳಬೇಕು, ಅಲ್ವಾ?

ನಾವೂ ಹಾಗೇ ಮಾಡೋಣ. ಸುಮ್ನೆ ‘ಸೂಪರ್’, ‘ವೇಸ್ಟ್’ ಅಂತ ಹಾಕಬೇಡಿ. ಆಲ್ಬಮ್ ಪೂರ್ತಿ ಕೇಳಿ. ಎಷ್ಟನೇ ನಿಮಿಷದಲ್ಲಿ ಏನು ಹಿಡಿಸಿತು ಅಂತ ಬರೆಯಿರಿ.

ಅವರ ‘ಡೆಸರ್ಟ್ ಐಲ್ಯಾಂಡ್ ಜೂಕ್‌ಬಾಕ್ಸ್’ ಭಾಗ ತಪ್ಪಿಸಬೇಡಿ. ಯಾರೂ ಇಲ್ಲದ ದ್ವೀಪದಲ್ಲಿ ಸಿಕ್ಕಿಕೊಂಡರೆ ಯಾವ ಹಾಡು ಬೇಕು? ನಿಮ್ಮದನ್ನು ಶನಿವಾರದೊಳಗೆ ಧ್ವನಿ ಸಂದೇಶದಲ್ಲಿ ಕಳಿಸಿ.