ಪಾಲಿಮರ್ ಡಾಂಬರಿನ ಸ್ಯಾಂಪಲ್ ತೆಗೆಯಬೇಕಾದ್ದು ಪ್ಲಾಂಟಿನ ನಲ್ಲಿಯಲ್ಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ರಸ್ತೆಗಳ ಮರುಡಾಂಬರೀಕರಣದ ಬಗ್ಗೆ ಈ ಅಂಕಣದಲ್ಲಿ ಬರುತ್ತಿರುವ ಪತ್ರಗಳಲ್ಲಿ ಎರಡು ಬೇರೆ ಬೇರೆ ವಸ್ತುಗಳು ಒಂದೇ ಎಂಬಂತೆ ಕಲಸಿಹೋಗಿವೆ. ಕಸದ ಪ್ಲಾಸ್ಟಿಕ್ ಚೂರು ಹಾಕಿದ್ದೂ ಪಾಲಿಮರ್ ರಸ್ತೆ, ಎಸ್‌ಬಿಎಸ್ ಎಂಬ ರಬ್ಬರಿನಂಥ ಪಾಲಿಮರ್ ಬೆರೆಸಿದ ಡಾಂಬರು ಹಾಕಿದ್ದೂ ಪಾಲಿಮರ್ ರಸ್ತೆ ಎಂದು ಬರೆಯಲಾಗುತ್ತಿದೆ. ಎರಡರ ಕೆಲಸ ಬೇರೆ, ಬೆಲೆ ಬೇರೆ, ಕೆಡುವ ರೀತಿಯೂ ಬೇರೆ. ಎರಡನೆಯದಕ್ಕೆ ಖಜಾನೆಯಿಂದ ಹೆಚ್ಚು ದುಡ್ಡು ಹೋಗುತ್ತದೆ. ಅದು ರಸ್ತೆಗೆ ನಿಜವಾಗಿ ಬಿತ್ತೇ, ಬಿದ್ದಾಗ ಅದರ ಗುಣ ಉಳಿದಿತ್ತೇ ಎಂದು ನೋಡುವ ದಾರಿ ಇದೆ. ಅದನ್ನು ತಿಳಿಸಲು ಈ ಪತ್ರ.

ಪ್ಲಾಸ್ಟಿಕ್ ಚೂರಿನ ವಿಧಾನವನ್ನು ರೂಢಿಗೆ ತಂದವರು ಮದುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುಮಾರು 160–170 ಡಿಗ್ರಿಗೆ ಕಾದ ಜಲ್ಲಿಯ ಮೇಲೆ ಚೂರು ಸುರಿದರೆ ಅದು ಕರಗಿ ಕಲ್ಲಿಗೆ ತೆಳ್ಳಗೆ ಅಂಟಿಕೊಳ್ಳುತ್ತದೆ, ಆಮೇಲೆ ಡಾಂಬರು ಬೀಳುತ್ತದೆ. ಪ್ರಮಾಣ ಡಾಂಬರಿನ ತೂಕದ ಶೇ 6ರಿಂದ 8. ಪಿವಿಸಿ ಮಾತ್ರ ಸೇರಬಾರದು, ಕಾದಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಕಲ್ಲಿನಿಂದ ನೀರನ್ನು ದೂರ ಇಡುವುದಕ್ಕೆ ಇದು ಒಳ್ಳೆಯ ವಿಧಾನವೇ. ಆದರೆ ಡಾಂಬರಿಗೆ ರಬ್ಬರಿನ ಗುಣ ಇದರಿಂದ ಬರುವುದಿಲ್ಲ.

ಆ ಗುಣ ಕೊಡುವುದು ಎಸ್‌ಬಿಎಸ್, ಅಂದರೆ ಸ್ಟೈರೀನ್–ಬ್ಯುಟಾಡೈಯೀನ್–ಸ್ಟೈರೀನ್. ಇದು ಬ್ಲಾಕ್ ಕೊಪಾಲಿಮರ್. ಒಂದೇ ಅಣುಸರಪಳಿಯ ಎರಡು ತುದಿಗೆ ಪಾಲಿಸ್ಟೈರೀನ್, ನಡುವೆ ಉದ್ದಕ್ಕೂ ಪಾಲಿಬ್ಯುಟಾಡೈಯೀನ್. ತುದಿಗಳು ಗಡಸು ಪ್ಲಾಸ್ಟಿಕ್, ನೂರು ಡಿಗ್ರಿಯ ಹತ್ತಿರ ಬರುವತನಕ ಮೆತ್ತಗಾಗುವುದಿಲ್ಲ. ನಡುಭಾಗ ರಬ್ಬರು, ಸೊನ್ನೆಗಿಂತ 80 ಡಿಗ್ರಿ ಕೆಳಗೂ ಸೆಟೆಯುವುದಿಲ್ಲ. ಇವೆರಡಕ್ಕೂ ಒಂದರೊಳಗೊಂದು ಬೆರೆಯುವ ಗುಣವಿಲ್ಲ, ಒಂದೇ ಸರಪಳಿಯಲ್ಲಿ ಇರುವುದರಿಂದ ದೂರ ಹೋಗಲೂ ಆಗದು. ಹಾಗಾಗಿ ನೂರಾರು ಸರಪಳಿಗಳ ಸ್ಟೈರೀನ್ ತುದಿಗಳು ಅಲ್ಲಲ್ಲಿ 10–30 ನ್ಯಾನೊಮೀಟರ್ ಗಾತ್ರದ ಉಂಡೆಗಳಾಗಿ ಕೂಡಿಕೊಂಡು, ಮೀನಿನ ಬಲೆಯ ಗಂಟುಗಳ ಹಾಗೆ ರಬ್ಬರಿನ ಎಳೆಗಳನ್ನು ಹಿಡಿದಿಡುತ್ತವೆ. ಕಾಯಿಸಿದರೆ ಗಂಟು ಸಡಿಲ, ಆರಿದರೆ ಮತ್ತೆ ಗಟ್ಟಿ. ಟೈರಿನ ರಬ್ಬರನ್ನು ಹೀಗೆ ಕರಗಿಸಿ ಮತ್ತೆ ಅಚ್ಚು ಹಾಕಲು ಬರುವುದಿಲ್ಲ, ಅಲ್ಲಿನ ಗಂಟು ಗಂಧಕದ ರಾಸಾಯನಿಕ ಬಂಧ. ಇಂಥ ಸರಪಳಿಯನ್ನು ಅಳತೆಗೆ ತಕ್ಕಂತೆ ಕಟ್ಟುವ ರಾಸಾಯನಿಕ ದಾರಿಯನ್ನು ರಸಾಯನವಿಜ್ಞಾನಿ ಮೈಕೇಲ್ ಶ್ವಾರ್ಟ್ಸ್ 1956ರಲ್ಲಿ ತೋರಿಸಿದರು. ಶೆಲ್ ಕಂಪನಿ 1960ರ ದಶಕದಲ್ಲಿ ಕ್ರೇಟಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಚಪ್ಪಲಿಯ ಟಿಪಿಆರ್ ಅಟ್ಟೆಯೂ ಇದೇ ಜಾತಿಯ ಮಾಲು.

ಡಾಂಬರಿಗೆ ಇದು ಬೀಳುವ ಪ್ರಮಾಣ ಸಾಮಾನ್ಯವಾಗಿ ಶೇ 3ರಿಂದ 5. ಲೆಕ್ಕ ಹಾಕಿ ನೋಡಿ: 7 ಮೀಟರ್ ಅಗಲದ 1 ಕಿ.ಮೀ. ರಸ್ತೆಗೆ 40 ಮಿ.ಮೀ. ದಪ್ಪದ ಮೇಲ್ಪದರ ಹಾಕಲು ಸುಮಾರು 670 ಟನ್ ಮಿಶ್ರಣ ಬೇಕು. ಅದರಲ್ಲಿ ಶೇ 5.4ರಂತೆ ಡಾಂಬರು 36 ಟನ್. ಶೇ 4ರಂತೆ ಎಸ್‌ಬಿಎಸ್ ಸುಮಾರು 1,450 ಕಿಲೋ. ಈ 1,450 ಕಿಲೋ ಇದ್ದರೂ ಇಲ್ಲದಿದ್ದರೂ ಹಾಕಿದ ದಿನ ರಸ್ತೆ ಒಂದೇ ಥರ ಕರ್ರಗೆ ಹೊಳೆಯುತ್ತದೆ. ಕಣ್ಣಿಗೆ ಏನೂ ತಿಳಿಯುವುದಿಲ್ಲ.

ಮೋಸವೇ ನಡೆಯಬೇಕೆಂದೂ ಇಲ್ಲ. ಒಳ್ಳೆಯ ಮಾಲೇ ಜಲ್ಲಿ–ಡಾಂಬರು ಬೆರೆಸುವ ಪ್ಲಾಂಟಿಗೆ ಬಂದು, ಅಲ್ಲಿ ಹಾಳಾಗುವುದು ಹೆಚ್ಚು. ಕಂಪನಿಯ ತಯಾರಿಕೆಯಲ್ಲಿ 170–190 ಡಿಗ್ರಿಯ ಡಾಂಬರಿಗೆ ಎಸ್‌ಬಿಎಸ್ ಹರಳು ಹಾಕಿ ಜೋರಾಗಿ ಅರೆಯುವ ಮಿಲ್ಲಿನಲ್ಲಿ ಬೆರೆಸುತ್ತಾರೆ. ಪಾಲಿಮರ್ ಆ ಡಾಂಬರಿನಲ್ಲಿರುವ ಎಣ್ಣೆ ಅಂಶವನ್ನು ಹೀರಿ ತನ್ನ ಗಾತ್ರದ ಹಲವು ಪಟ್ಟು ಉಬ್ಬಬೇಕು, ಆಗಷ್ಟೇ ಬಲೆ ಹರಡುತ್ತದೆ. ಬೇರೆಯಾಗದಿರಲೆಂದು ಚಿಟಿಕೆಯಷ್ಟು ಗಂಧಕವನ್ನೂ ಸೇರಿಸುವುದುಂಟು. ಇಷ್ಟು ಮಾಡಿ ಟ್ಯಾಂಕರಿನಲ್ಲಿ ಕಳಿಸಿದ ಮಾಲನ್ನು ಪ್ಲಾಂಟಿನಲ್ಲಿ ನೇರ ಬೆಂಕಿಯ ಟ್ಯಾಂಕಿನಲ್ಲಿ ಕಾಯಿಸಿದರೆ ಮುಗಿಯಿತು. ಉರಿಯ ಕೊಳವೆಗೆ ತಾಗಿದ ಡಾಂಬರು 200 ಡಿಗ್ರಿ ದಾಟುತ್ತದೆ. ಬ್ಯುಟಾಡೈಯೀನ್ ಭಾಗದ ಜೋಡಿ ಬಂಧಗಳು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಸರಪಳಿ ತುಂಡಾಗುತ್ತದೆ. ತುಂಡಾದ ಸರಪಳಿಗೆ ಎರಡು ಕಡೆ ಗಂಟಿಲ್ಲ, ಬಲೆಯೂ ಇಲ್ಲ. ಟ್ಯಾಂಕಿನ ಮೇಲಿರುವ ಥರ್ಮಾಮೀಟರು ಅಷ್ಟೂ ಹೊತ್ತು 170 ಎಂದೇ ತೋರಿಸುತ್ತಿರುತ್ತದೆ. ಬಿಸಿ ಎಣ್ಣೆಯ ಸುರುಳಿಯಿಂದ ಕಾಯಿಸುವ, ಒಳಗೆ ಕಲಕುವ ಯಂತ್ರವಿರುವ ಟ್ಯಾಂಕೇ ಬೇಕು ಎನ್ನುವುದು ಈ ಕಾರಣಕ್ಕೆ. ಕಲಕದಿದ್ದರೆ ಪಾಲಿಮರ್ ಮೇಲೆ ತೇಲಿ, ಕೆಳಗಿನ ನಲ್ಲಿಯಿಂದ ಬರೀ ಡಾಂಬರು ಬರುತ್ತದೆ. ಕೆಲಸ ನಿಂತು ಮೂರ್ನಾಲ್ಕು ದಿನ ಇಡಬೇಕಾದರೆ ಉರಿ ತಗ್ಗಿಸಿ 140ರ ಆಸುಪಾಸಿನಲ್ಲಿಟ್ಟು, ಹಾಕುವ ದಿನ ಮತ್ತೆ ಏರಿಸಬೇಕು.

ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಟ್ಯಾಂಕಿನಲ್ಲಿ ಪಾಲಿಮರ್ ಇಲ್ಲದ ಸಾಮಾನ್ಯ ವಿಜಿ-30 ದರ್ಜೆಯ 5 ಟನ್ ಡಾಂಬರು ಉಳಿದಿರುವಾಗಲೇ ಅದರ ಮೇಲೆ ಶೇ 4ರ 10 ಟನ್ ಪಾಲಿಮರ್ ಡಾಂಬರು ಇಳಿಸುತ್ತಾರೆ. ಈಗ ಟ್ಯಾಂಕಿನಲ್ಲಿರುವುದು ಶೇ 2.7. ಕಡತದಲ್ಲಿ ಶೇ 4ರ ಪ್ರಮಾಣಪತ್ರ ಇದ್ದೇ ಇರುತ್ತದೆ, ಅದು ಸುಳ್ಳೂ ಅಲ್ಲ.

ಆದ್ದರಿಂದ ಕಂಪನಿ ಕೊಟ್ಟ ಪ್ರಮಾಣಪತ್ರ ಟ್ಯಾಂಕರು ಹೊರಟ ದಿನದ ಕಥೆ ಮಾತ್ರ ಹೇಳುತ್ತದೆ. ಸ್ಯಾಂಪಲ್ ತೆಗೆಯಬೇಕಾದ್ದು ರಸ್ತೆ ಹಾಕುವ ದಿನ, ಪ್ಲಾಂಟಿನ ಟ್ಯಾಂಕಿನಿಂದ ಮಿಕ್ಸರಿಗೆ ಹೋಗುವ ನಲ್ಲಿಯಲ್ಲಿ. ಮೊದಲು ಬರುವ ನಾಲ್ಕೈದು ಲೀಟರ್ ಪೈಪಿನಲ್ಲಿ ಕೂತ ಹಳೆಯ ಮಾಲು, ಅದನ್ನು ಬೇರೆ ಡಬ್ಬಿಗೆ ಬಿಟ್ಟು ಆಮೇಲೆ ಮೂರು ಒಣ ಡಬ್ಬಿಗಳಿಗೆ ಒಂದೊಂದು ಲೀಟರ್ ಹಿಡಿದು ಮೊಹರು ಮಾಡಬೇಕು: ಒಂದು ಪರೀಕ್ಷೆಗೆ, ಒಂದು ಗುತ್ತಿಗೆದಾರರಿಗೆ, ಒಂದು ತಕರಾರು ಬಂದರೆ ಬಿಚ್ಚುವುದಕ್ಕೆ.

ಪರೀಕ್ಷೆ ಹಲವಿವೆ, ಪಾಲಿಮರ್ ಡಾಂಬರಿನ ಭಾರತೀಯ ಮಾನದಂಡ ಐಎಸ್ 15462 ಪೂರ್ತಿ ಪಟ್ಟಿ ಕೊಡುತ್ತದೆ. ನಾಗರಿಕರು ಕೇಳಬೇಕಾದ್ದು ಮುಖ್ಯವಾಗಿ ಒಂದನ್ನು, ಹಿಂಪುಟಿತದ ಪರೀಕ್ಷೆಯನ್ನು; ಇಂಜಿನಿಯರುಗಳ ಬಾಯಲ್ಲಿ ಎಲಾಸ್ಟಿಕ್ ರಿಕವರಿ. ಡಕ್ಟಿಲಿಟಿ ಯಂತ್ರದ ನೀರನ್ನು 15 ಡಿಗ್ರಿಯಲ್ಲಿಟ್ಟು ಡಾಂಬರಿನ ತುಂಡನ್ನು ನಿಮಿಷಕ್ಕೆ 5 ಸೆಂ.ಮೀ. ವೇಗದಲ್ಲಿ 10 ಸೆಂ.ಮೀ.ವರೆಗೆ ಎಳೆಯುತ್ತಾರೆ. ನಟ್ಟನಡುವೆ ಕತ್ತರಿಯಿಂದ ಕತ್ತರಿಸಿ ಒಂದು ಗಂಟೆ ಹಾಗೇ ಬಿಡುತ್ತಾರೆ. ಎರಡೂ ತುಂಡು ಹಿಂದಕ್ಕೆ ಸರಿದಿರುತ್ತವೆ. ಆಮೇಲೆ ಯಂತ್ರವನ್ನು ನಿಧಾನ ಹಿಂದಕ್ಕೆ ತಂದು ತುದಿಗಳು ಮುಟ್ಟುವಾಗ ಅಳತೆ ಓದುತ್ತಾರೆ. 2.5 ಸೆಂ.ಮೀ.ಗೆ ಮುಟ್ಟಿದರೆ ಹಿಂಪುಟಿತ ಶೇ 75. ಒಳ್ಳೆಯ ಎಸ್‌ಬಿಎಸ್ ಡಾಂಬರು ಶೇ 70ರ ಮೇಲಿರಬೇಕು. ಪಾಲಿಮರ್ ಇಲ್ಲದ ಡಾಂಬರು ಇದರ ಹತ್ತಿರಕ್ಕೂ ಬರುವುದಿಲ್ಲ. ಸಿವಿಲ್ ವಿಭಾಗವಿರುವ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆದ್ದಾರಿ ಸಾಮಗ್ರಿಗಳ ಪ್ರಯೋಗಾಲಯ ಇರುತ್ತದೆ, ದಾವಣಗೆರೆ–ಚಿತ್ರದುರ್ಗಗಳಲ್ಲಿ ಅಂಥ ಕಾಲೇಜುಗಳಿಗೆ ಕೊರತೆ ಇಲ್ಲ. ಬೆಂಗಳೂರಿಗೆ ಕಳಿಸಿ ತಿಂಗಳು ಕಾಯುವ ಪರೀಕ್ಷೆ ಇದಲ್ಲ.

ಇದರ ಬದಲು ಮೆದುವಾಗುವ ಉಷ್ಣತೆಯನ್ನಷ್ಟೇ ತೋರಿಸಿದರೆ ಒಪ್ಪಬೇಡಿ. 3.5 ಗ್ರಾಂ ಉಕ್ಕಿನ ಗುಂಡನ್ನು ಉಂಗುರದಲ್ಲಿನ ಡಾಂಬರಿನ ಮೇಲಿಟ್ಟು ಕಾಯಿಸುವ ಆ ಪರೀಕ್ಷೆಯಲ್ಲಿ ಅಗ್ಗದ ಪ್ಲಾಸ್ಟಿಕ್ ಬೆರೆಸಿದ್ದೂ ಪಾಸಾಗುತ್ತದೆ, ಗಾಳಿ ಊದಿ ಗಟ್ಟಿ ಮಾಡಿದ ಡಾಂಬರೂ ಪಾಸಾಗುತ್ತದೆ. ಎರಡಕ್ಕೂ ಹಿಂದಕ್ಕೆ ಸರಿಯುವ ಗುಣ ಇರುವುದಿಲ್ಲ. ಹಾಕಿಯಾದ ರಸ್ತೆಯ ಮೇಲೆ ಸಂಶಯ ಬಂದರೆ ಕೋರ್ ಕೊರೆದು ಡಾಂಬರನ್ನು ದ್ರಾವಕದಲ್ಲಿ ಬಿಡಿಸಿ ಇನ್‌ಫ್ರಾರೆಡ್ ಯಂತ್ರದಲ್ಲಿ ನೋಡಬಹುದು: ಅಲೆಸಂಖ್ಯೆಯ (cm⁻¹) ಅಳತೆಯಲ್ಲಿ 966ರಲ್ಲಿ ಬ್ಯುಟಾಡೈಯೀನ್, 699ರಲ್ಲಿ ಸ್ಟೈರೀನ್ ಗೆರೆ ಕಾಣಬೇಕು. ಎರಡೂ ಇಲ್ಲವೆಂದರೆ ಬಿಲ್ಲಿನಲ್ಲಿ ಬರೆದ ಮಾಲು ಅಲ್ಲಿಲ್ಲ.

ರಸ್ತೆಯ ಮೇಲಿನ ಕೆಲಸದಲ್ಲೂ ಇದಕ್ಕೆ ಬೇರೆ ಕಟ್ಟುನಿಟ್ಟು ಬೇಕು. ಈ ಡಾಂಬರು ಮಂದ. ಮಿಶ್ರಣ ಸಾಮಾನ್ಯ ಡಾಂಬರಿಗಿಂತ ಬಿಸಿಯಾಗಿರುವಾಗಲೇ ಪೇವರಿನಿಂದ (ಮಿಶ್ರಣ ಹರಡುವ ಯಂತ್ರ) ಇಳಿದು ರೋಲರಿಗೆ ಸಿಗಬೇಕು. ಇಳಿಯುವಾಗ 140 ಡಿಗ್ರಿ ಇದ್ದರೆ ನೆಮ್ಮದಿ, 110ರ ಕೆಳಗೆ ರೋಲರು ಎಷ್ಟು ಓಡಿಸಿದರೂ ದಮ್ಮಸ್ಸು ಕೂರುವುದಿಲ್ಲ. ಚಿತ್ರದುರ್ಗದ ಗಾಳಿ ಗೊತ್ತಲ್ಲ, 40 ಮಿ.ಮೀ. ಪದರ ಅಲ್ಲಿ ನೋಡನೋಡುತ್ತಲೇ ಆರುತ್ತದೆ. ಟಿಪ್ಪರಿಗೆ ತಾಡಪಾಲು ಹೊದಿಸಿ ಕಟ್ಟಬೇಕು, ರೋಲರು ಪೇವರಿನ ಬೆನ್ನಿಗೇ ಇರಬೇಕು. ಚಕ್ರಕ್ಕೆ ಅಂಟುತ್ತದೆಂದು ಡೀಸೆಲ್ ಬಳಿಯುವ ಅಭ್ಯಾಸವಂತೂ ಬಿಡಬೇಕು. ಡೀಸೆಲ್ ಡಾಂಬರನ್ನು ಕರಗಿಸುತ್ತದೆ, ಮಳೆಗಾಲದಲ್ಲಿ ಗುಂಡಿ ಬೀಳುವುದು ಆ ಜಾಗದಲ್ಲೇ. ನೀರಿಗೆ ಸ್ವಲ್ಪ ಸೋಪಿನ ದ್ರಾವಣ ಸೇರಿಸಿದರೆ ಸಾಕು.

ಎಸ್‌ಬಿಎಸ್ ಮಾಡಲಾಗದ್ದನ್ನೂ ಹೇಳಬೇಕು. ಇಲ್ಲಿನ ಕ್ರಷರ್‌ಗಳಿಂದ ಬರುವ ಗ್ರಾನೈಟ್ ಜಾತಿಯ ಜಲ್ಲಿಯಲ್ಲಿ ಸಿಲಿಕಾ ಹೆಚ್ಚು. ಅದಕ್ಕೆ ಡಾಂಬರಿಗಿಂತ ನೀರೇ ಪ್ರಿಯ. ನೀರು ನಿಂತರೆ ಡಾಂಬರು ಕಲ್ಲಿನಿಂದ ಬಿಡುತ್ತದೆ, ಪಾಲಿಮರ್ ಇದ್ದರೂ ಬಿಡುತ್ತದೆ. ಅದಕ್ಕೆ ಮದ್ದು ಶೇ 2ರಷ್ಟು ಅರಳಿದ ಸುಣ್ಣದ ಪುಡಿ ಮತ್ತು ಧೂಳಿಲ್ಲದ ಜಲ್ಲಿ. ಎರೆಮಣ್ಣಿನ ಕಡೆ ತಳಪಾಯವೇ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ತಳ ಸರಿಮಾಡದೆ, ಚರಂಡಿ ಮಾಡದೆ, ಮೇಲೆ ದುಬಾರಿ ಡಾಂಬರು ಎಳೆಯುವುದು ಹಣ ನೀರಿಗೆ ಸುರಿದಂತೆ. ಪಿ.ಬಿ. ರಸ್ತೆಯಂಥ ಕಡೆ, ಎಪಿಎಂಸಿ ಲಾರಿಗಳು ತಿರುಗುವ ಕೂಡುರಸ್ತೆಗಳಲ್ಲಿ, ಸಿಗ್ನಲ್ಲಿನ ಹಿಂದೆ ಬೇಸಿಗೆಯಲ್ಲಿ ಚಕ್ರದ ಹಳ್ಳ ಬೀಳುವಲ್ಲಿ ಇದು ಬೇಕು. ಲಾರಿ ಓಡಾಡದ ಬಡಾವಣೆಯ ಅಡ್ಡರಸ್ತೆಗೆ ವಿಜಿ-30 ಸಾಕು.

ಈ ವಸ್ತುವಿನ ಒಡಹುಟ್ಟುಗಳು ಆಸ್ಪತ್ರೆಯಲ್ಲೂ ಇವೆ. ಎರಡೆರಡು ವೈದ್ಯಕೀಯ, ದಂತ ವೈದ್ಯಕೀಯ ಕಾಲೇಜುಗಳಿರುವ ಊರಿನವರಿಗೆ ಅದೂ ತಿಳಿದಿರಲಿ. ಎಸ್‌ಬಿಎಸ್‌ನ ದೌರ್ಬಲ್ಯವಾದ ಜೋಡಿ ಬಂಧಗಳಿಗೆ ಹೈಡ್ರೋಜನ್ ತುಂಬಿದರೆ ಎಸ್‌ಇಬಿಎಸ್ ಆಗುತ್ತದೆ, ಬಿಸಿಲಿಗೂ ಬಿಸಿಗೂ ಬಾಳುತ್ತದೆ. ಟೂತ್‌ಬ್ರಷ್ ಹಿಡಿಕೆಯ ಮೆತ್ತನೆ ಭಾಗ, ಲೇಟೆಕ್ಸ್ ಇಲ್ಲದ ಸಿರಿಂಜಿನ ಬೆಣೆ, ಕೆಲವು ಡ್ರಿಪ್ ನಳಿಕೆಗಳು ಇದರಿಂದ ಆಗುತ್ತವೆ. ಪಿವಿಸಿ ನಳಿಕೆಯನ್ನು ಮೆತ್ತಗೆ ಮಾಡಲು ಬೇಕಾಗುವ ಥಾಲೇಟ್ ಇದಕ್ಕೆ ಬೇಡ. ಹಾಗೆಂದು ಏನೂ ಸೇರಿಸಿಲ್ಲ ಎಂದಲ್ಲ, ಸಾಮಾನ್ಯವಾಗಿ ಬಿಳಿ ಖನಿಜ ಎಣ್ಣೆ ಇರುತ್ತದೆ, ಕೊಬ್ಬಿನಂಶದ ದ್ರವ ಹರಿಸಿದರೆ ಸ್ವಲ್ಪ ಬಿಡಬಹುದು. ಸ್ಟೈರೀನ್ ಗಂಟು ನೂರರ ಹತ್ತಿರ ಸಡಿಲವಾಗುವುದು ಇಲ್ಲೂ ತಪ್ಪಿದ್ದಲ್ಲ. 121 ಡಿಗ್ರಿಯ ಆಟೊಕ್ಲೇವಿಗೆ ಹಾಕುವುದಾದರೆ ಪಾಲಿಪ್ರೊಪಿಲೀನ್ ಬೆರೆಸಿದ, ಅದಕ್ಕೆಂದೇ ಗುರುತಿಸಿದ ದರ್ಜೆ ಬೇಕು. ನಡುಭಾಗಕ್ಕೆ ಐಸೊಬ್ಯುಟಿಲೀನ್ ಇಟ್ಟ ಎಸ್‌ಐಬಿಎಸ್ ದೇಹದೊಳಗೆ ವರ್ಷಗಟ್ಟಲೆ ಕೆಡುವುದಿಲ್ಲ. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಪಡೆದ ಟ್ಯಾಕ್ಸಸ್ ಸ್ಟೆಂಟಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಔಷಧವನ್ನು ಹಿಡಿದಿಟ್ಟಿದ್ದು ಇದೇ. ಗ್ಲಾಕೋಮಾ ಕಣ್ಣಿನ ಒತ್ತಡ ಇಳಿಸಲು ಇಡುವ 8.5 ಮಿ.ಮೀ. ಉದ್ದದ ಸಣ್ಣ ಕೊಳವೆಯೂ ಇದರದ್ದೇ.

ದಂತ ವೈದ್ಯರು, ಫಾರ್ಮಸಿಯವರು ಬಳಸುವ ಪೊಲಾಕ್ಸಮರ್ 407 ಇಂಥದ್ದೇ ಇನ್ನೊಂದು ಬಗೆಯ ಬ್ಲಾಕ್ ಕೊಪಾಲಿಮರ್. ಇದರ ನಡುಭಾಗ ತಣ್ಣನೆಯ ನೀರಿನಲ್ಲಿ ಕರಗುತ್ತದೆ, ಬೆಚ್ಚಗಾದರೆ ನೀರನ್ನು ಒಲ್ಲದು. ಆದ್ದರಿಂದ ಶೇ 18–20ರ ದ್ರಾವಣ ಫ್ರಿಜ್ಜಿನಲ್ಲಿ ನೀರು, ಮೈಬಿಸಿಗೆ ಜೆಲ್. 100 ಗ್ರಾಂಗೆ 80 ಗ್ರಾಂ ನೀರನ್ನು 4–5 ಡಿಗ್ರಿಗೆ ಇಳಿಸಿ, 20 ಗ್ರಾಂ ಪುಡಿಯನ್ನು ಉದುರಿಸುತ್ತಾ ನಿಧಾನ ಕಲಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಜೋರಾಗಿ ಕಲಕಿದರೆ ನೊರೆ, ಬಿಸಿನೀರಿಗೆ ಹಾಕಿದರೆ ಗಂಟು. ಉಪ್ಪು ಸೇರಿದರೆ ಇನ್ನೂ ಕಡಿಮೆ ಬಿಸಿಗೇ ಜೆಲ್ ಆಗುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಮೇಜಿನ ಮೇಲಿಟ್ಟ ಸಿರಿಂಜಿನೊಳಗೇ ಗಟ್ಟಿಯಾಗಿ ಸೂಜಿಯಿಂದ ಹೊರಬರುವುದಿಲ್ಲ. ಅದು ಔಷಧ ಕೆಟ್ಟದ್ದಲ್ಲ. ಮತ್ತೆ ಫ್ರಿಜ್ಜಿನಲ್ಲಿಟ್ಟರೆ ಕರಗುತ್ತದೆ. ಆದರೆ ವಸಡಿನ ಸಂದಿಯಲ್ಲಿ ಇದು ವಾರಗಟ್ಟಲೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಅನುಮಾನಿಸಿ. ಎಂಜಲು ಸೇರಿ ದ್ರಾವಣ ಶೇ 15ರ ಆಸುಪಾಸಿಗೆ ತೆಳುವಾದರೆ ಜೆಲ್ ಬಿಟ್ಟುಹೋಗುತ್ತದೆ. ಹೆಚ್ಚು ಹೊತ್ತು ನಿಲ್ಲಬೇಕಾದರೆ ಕೈಟೊಸಾನ್ ಅಥವಾ ಕಾರ್ಬೊಮರ್ ಎಂಬ ಅಂಟುವ ವಸ್ತು ಜೊತೆಗಿರಬೇಕು.

ರಸ್ತೆಯ ವಿಷಯಕ್ಕೆ ಬಂದರೆ, ಪಾಲಿಮರ್ ಡಾಂಬರಿನ ಕಾಮಗಾರಿ ನಡೆಯುವ ಕಡೆ ನಿಲ್ಲಿಸುವ ಫಲಕದಲ್ಲಿ ಮೊತ್ತ, ಗುತ್ತಿಗೆದಾರರ ಹೆಸರಿನ ಜೊತೆಗೆ ಇನ್ನೂ ಮೂರು ಸಾಲು ಬರೆಸಬೇಕೆಂದು ಸಂಬಂಧಪಟ್ಟವರನ್ನು ಕೇಳುತ್ತೇವೆ: ಡಾಂಬರಿನ ದರ್ಜೆ, ಪ್ಲಾಂಟಿನ ನಲ್ಲಿಯಲ್ಲಿ ಸ್ಯಾಂಪಲ್ ತೆಗೆದ ದಿನಾಂಕ, 15 ಡಿಗ್ರಿಯಲ್ಲಿ ಹಿಂಪುಟಿತ ಎಷ್ಟು. ವರದಿ ಬರುವ ಮುಂಚೆ ಫಲಕ ಹಾಕುವುದಾದರೆ ಮೂರನೆಯ ಸಾಲು ಖಾಲಿ ಇರಲಿ, ಬಂದ ಮೇಲೆ ತುಂಬಿಸಲಿ. ಕೊನೆಯ ಬಿಲ್ಲಿಗೆ ಸಹಿ ಬೀಳುವುದು ಅದು ತುಂಬಿದ ಮೇಲೆ ಆಗಲಿ.

– ರಸ್ತೆ ಸಾಮಗ್ರಿ ಪರೀಕ್ಷೆಯಲ್ಲಿ ದುಡಿದ ಕೆಲವು ಓದುಗರು, ವಿದ್ಯಾನಗರ, ದಾವಣಗೆರೆ