ಮ್ಯಾನಿ ಗೋಡೆಗೆ ಗುದ್ದಿದ್ದು ನೆನಪಿದೆಯಾ?

ರಾಜಾಜಿನಗರ, ಬೆಂಗಳೂರು

ಲೋ ಗಿರಿ,

ಮೊನ್ನೆ ಫೋನಿನಲ್ಲಿ, ಒಗಟು ಬಿಡಿಸುತ್ತಾ ಕತೆ ಸಾಗುವ ಆಟಗಳ ಮಾತು ಬಂದಾಗ ನೀನು, "ಹಳೇ ಅಡ್ವೆಂಚರ್ ಗೇಮ್‌ಗಳನ್ನ ಯಾರೂ ಮುಟ್ಟಬಾರದು, ಇದ್ದ ಹಾಗೇ ಇರಲಿ" ಅಂದುಬಿಟ್ಟೆ. ಅಷ್ಟರಲ್ಲಿ ನಿನ್ನ ಮೈಸೂರು ಬಸ್ ಬಂತು. ನನ್ನ ಮಾತು ಗಂಟಲಲ್ಲೇ ಉಳಿಯಿತು. ಅದಕ್ಕೇ ಈ ಪತ್ರ.

ನಿಮ್ಮ ಮನೆ ಮಹಡಿ ರೂಮಿನಲ್ಲಿ, ಎಸ್.ಪಿ. ರೋಡಿನಿಂದ ತಂದ ಹಳೇ ಕಂಪ್ಯೂಟರಿನಲ್ಲಿ 'ಗ್ರಿಮ್ ಫಂಡ್ಯಾಂಗೋ' ಆಡುತ್ತಿದ್ದೆವಲ್ಲ, 1998ರ ಗೇಮು. ಎಡಗಡೆ ಬಾಣದ ಕೀ ಒತ್ತಿದರೆ ಆಟದ ನಾಯಕ ಮ್ಯಾನಿ ಎಡಕ್ಕೆ ಹೋಗುತ್ತಿರಲಿಲ್ಲ, ನಿಂತಲ್ಲೇ ತಿರುಗುತ್ತಿದ್ದ. ಮೇಲಿನ ಬಾಣ ಒತ್ತಿದರೆ ಮುಖ ಎತ್ತ ಇದೆಯೋ ಅತ್ತ ನಡೆಯುತ್ತಿದ್ದ. ಬಾಗಿಲು ಕಣ್ಣೆದುರೇ ಇರುತ್ತಿತ್ತು, ಪುಣ್ಯಾತ್ಮ ಪಕ್ಕದ ಗೋಡೆಗೆ ಹೋಗಿ ಗುದ್ದುತ್ತಿದ್ದ. ನಮ್ಮ ಕೂಗಾಟಕ್ಕೆ ನಿಮ್ಮಮ್ಮ ಕೆಳಗಿನಿಂದ, "ಏನ್ರೋ ಅದು ಗಲಾಟೆ?" ಅನ್ನುತ್ತಿದ್ದರು. ಅದನ್ನೇ ಈಗ ನೀನು ಮಜಾ ಅನ್ನುತ್ತೀಯ! ಒಗಟು ಕಷ್ಟ ಇರಲಿ, ಬಾಗಿಲು ದಾಟುವುದು ಯಾಕೋ ಕಷ್ಟ ಆಗಬೇಕು? 2015ರ ರೀಮಾಸ್ಟರಿನಲ್ಲಿ, ಅಂದರೆ ಅದೇ ಆಟವನ್ನು ತಿದ್ದಿ ತಂದ ಹೊಸ ಆವೃತ್ತಿಯಲ್ಲಿ, ಮೌಸ್ ಕ್ಲಿಕ್ ಮಾಡಿ ಆಡಬಹುದು. ಕತೆ, ಒಗಟು ಎಲ್ಲ ಅದೇ. ನಿನ್ನಂಥವರಿಗೆ ಹಾಗೆ ನಿಂತಲ್ಲೇ ತಿರುಗಿಸಿ ನಡೆಸುವ ಹಳೇ 'ಟ್ಯಾಂಕ್ ಕಂಟ್ರೋಲ್' ಕೂಡ ಇದೆ.

ಇನ್ನೊಂದು ತಮಾಷೆ. ಆ ಟ್ಯಾಂಕ್ ಕಂಟ್ರೋಲೇ ಆಗಿನ ಹೊಸ ಫ್ಯಾಷನ್! 1984ರ 'ಕಿಂಗ್ಸ್ ಕ್ವೆಸ್ಟ್'ನಲ್ಲಿ ಏನು ಮಾಡಬೇಕೆಂದು ಟೈಪ್ ಮಾಡಬೇಕಿತ್ತು. ಆಮೇಲೆ ಕ್ಲಿಕ್ ಮಾಡುವ ಆಟಗಳು ಬಂದವು, ಚೆನ್ನಾಗೇ ನಡೆಯುತ್ತಿದ್ದವು. 3ಡಿ ಹುಚ್ಚು ಹಿಡಿಯಿತು ನೋಡು, ಮೌಸ್ ಮೂಲೆ ಸೇರಿತು.

ಹಾಗಂತ ಹೊಸದೆಲ್ಲ ಒಳ್ಳೆಯದು ಅಂತ ನಾನೂ ಹೇಳಲ್ಲ. ಕಳೆದ ಭಾನುವಾರ ಅಕ್ಕನ ಮಗ ಬಂದಿದ್ದ. 'ಮಂಕಿ ಐಲ್ಯಾಂಡ್' ಹಾಕಿಕೊಟ್ಟೆ, 2009ರಲ್ಲಿ ಹೊಸ ಚಿತ್ರ ಬರೆದು ತಂದಿದ್ದು. ಜೈಲಿನ ಬೀಗ ಕರಗಿಸಲು ಗ್ರಾಗ್ ಒಯ್ಯಬೇಕಲ್ಲ, ಅಲ್ಲಿಗೆ ಬಂದ. ಆ ಹಾಳು ಪಾನೀಯ ಮಗ್ಗನ್ನೇ ತಿಂದು ಹಾಕುತ್ತದೆ. ಮಗ್ಗು ಕರಗುವುದರೊಳಗೆ ಇನ್ನೊಂದಕ್ಕೆ ಸುರಿಯಬೇಕು, ಓಡಬೇಕು. ಹೊಸ ಆವೃತ್ತಿಯಲ್ಲಿ ಚಿತ್ರ ದೊಡ್ಡದಾಗಿ ಕಾಣಲಿ ಅಂತ 'ಎತ್ತಿಕೋ', 'ಬಳಸು' ಅನ್ನುವಂಥ ಕ್ಲಿಕ್ ಮಾಡುವ ಕೆಲಸದ ಪದಗಳನ್ನೂ ಸಾಮಾನಿನ ಚೀಲವನ್ನೂ ಒಳಗೆ ಬಚ್ಚಿಟ್ಟಿದ್ದಾರೆ. ಹುಡುಗ ಚೀಲ ತೆಗೆದು, ಪದ ಹುಡುಕಿ, ಮಗ್ಗು ಹಿಡಿಯುವಷ್ಟರಲ್ಲಿ ಗ್ರಾಗ್ ನೆಲದ ಪಾಲು. ಮೂರು ಸಲ ಹೀಗೇ ಆಯಿತು. ಹಳೇ ಆವೃತ್ತಿಗೂ ಹೊಸದಕ್ಕೂ ಬದಲಿಸುವ ಎಫ್10 ಕೀ ಒತ್ತು ಅಂದೆ. ತಕ್ಷಣ 1990ರ ಚುಕ್ಕಿ ಚುಕ್ಕಿ ಚಿತ್ರ, ಕೆಳಗೆ ಪದಗಳು, ಪಕ್ಕದಲ್ಲೇ ಮಗ್ಗುಗಳು. ಎಲ್ಲ ಕೈಗೆ ಸಿಗೋ ಹಾಗಿತ್ತು. ಒಂದೇ ಸಲಕ್ಕೆ ಬೀಗ ಕರಗಿತು.

"ಮಾಮ, ಹಳೇದೇ ವಾಸಿ" ಅಂದ. ಎರಡು ನಿಮಿಷಕ್ಕೆ ಮತ್ತೆ ಎಫ್10 ಒತ್ತಿ ಹೊಸದಕ್ಕೆ ಹೋದ. ಸಮುದ್ರ ಅದರಲ್ಲಿ ಚೆನ್ನಾಗಿ ಕಾಣುತ್ತದಂತೆ.

ಸಂಕ್ರಾಂತಿಗೆ ಬಾ. ಗ್ರಿಮ್ ಫಂಡ್ಯಾಂಗೋ ಹಾಕಿರುತ್ತೇನೆ. ನೀನು ಟ್ಯಾಂಕ್ ಕಂಟ್ರೋಲಿನಲ್ಲೇ ಆಡು, ನಾನು ಸುಮ್ನೆ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತೇನೆ.

ನಿನ್ನ,
ರಾಘು